ಬೂದಿಹಾಳದ ಬೂದಿ, ಬಾಟಲಿಯ ಹೆಸರುಕಾಳು

ಶಹಾಪುರದ ನಮ್ಮ ಮನೆಯ ಅಡುಗೆಮನೆ ಕಿಟಕಿಯಲ್ಲಿ ಒಂದು ಗಾಜಿನ ಬಾಟಲಿ ಇದೆ. ಉಪ್ಪಿನಕಾಯಿ ತೀರಿದ ಮೇಲೆ ತೊಳೆದು ಇಟ್ಟುಕೊಂಡದ್ದು. ಅದರಲ್ಲಿ ಹೆಸರುಕಾಳು ಮೊಳಕೆ ಬರಿಸುವುದು ನನಗೆ ರೂಢಿಯಾಗಿ ಎರಡು ವರ್ಷವಾಯಿತು. ರಾತ್ರಿ ಮಲಗುವಾಗ ಒಂದು ಹಿಡಿ ಕಾಳು ಹಾಕಿ, ಅದು ಚೆನ್ನಾಗಿ ಮುಳುಗಿ ಉಬ್ಬುವಷ್ಟು ನೀರು ಹಾಕಿಡುತ್ತೇನೆ. ಬೆಳಿಗ್ಗೆ ಬಾಯಿಗೆ ತೆಳು ಬಟ್ಟೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ, ನೀರು ಬಸಿದು, ಬಾಟಲಿಯನ್ನು ಒಂದು ಬಟ್ಟಲಿನಲ್ಲಿ ಓರೆಯಾಗಿ ಬೋರಲು ನಿಲ್ಲಿಸುತ್ತೇನೆ. ಆಮೇಲೆ ದಿನಕ್ಕೆ ಎರಡು ಮೂರು ಸಲ ನೀರು ಹಾಕಿ, ಕುಲುಕಿ, ಪೂರ್ತಿ ಬಸಿಯಬೇಕು. ಇಷ್ಟೇ ಕೆಲಸ. ನಮ್ಮ ಕಡೆಯ ಸೆಕೆಗೆ ಮಾರನೆಯ ಬೆಳಿಗ್ಗೆಯೇ ಬಿಳಿ ಬಾಲಗಳು ಕಾಣುತ್ತವೆ. ಅದರ ಮಾರನೆಯ ದಿನ ಬಾಟಲಿ ತುಂಬಿ ಬಟ್ಟೆಯನ್ನು ಒತ್ತುತ್ತಿರುತ್ತದೆ.

ಸುರಪುರ ತಾಲ್ಲೂಕಿನ ಊರಿನಿಂದ ಬಂದಿದ್ದ ದೊಡ್ಡವ್ವ ಮೊದಲ ಸಲ ಇದನ್ನು ನೋಡಿ ನಕ್ಕಳು. “ಏ ತಮ್ಮಾ, ಕಾಳಿಗಿ ಗಾಜಿನ ಮನಿ ಕಟ್ಟಿಯೇನು? ಒಂದು ಅರಿವ್ಯಾಗ ಕಟ್ಟಿ ಇಟ್ಟರ ಬರಂಗಿಲ್ಲೇನು ಅದು?” ಎಂದಳು. ಬರುತ್ತದೆ. ಅವಳು ಅರವತ್ತು ವರ್ಷದಿಂದ ಹಾಗೇ ಬರಿಸಿದ್ದಾಳೆ. ಆದರೆ ಅರಿವೆಯ ಗಂಟಿನೊಳಗೆ ಏನು ನಡೆಯುತ್ತದೆಂದು ಕಾಣುವುದಿಲ್ಲ. ಗಾಜಿನೊಳಗೆ ಎಲ್ಲ ಕಾಣುತ್ತದೆ. ಕಂಡದ್ದರಿಂದಲೇ ಈ ಬರಹ ಹುಟ್ಟಿತು.

ಕಂಡದ್ದು ಸಣ್ಣ ಸಂಗತಿ. ಪ್ರತಿ ಸಲವೂ ಬಾಟಲಿಯ ತಳದಲ್ಲಿ ನಾಲ್ಕೈದು ಕಾಳು ಉಳಿಯುತ್ತವೆ. ಅವು ಉಬ್ಬುವುದಿಲ್ಲ, ಸಿಪ್ಪೆ ಬಿಡುವುದಿಲ್ಲ, ಎರಡು ದಿನ ನೀರಿನಲ್ಲಿ ಮಿಂದರೂ ಅಂಗಡಿಯಿಂದ ತಂದ ಹಾಗೆಯೇ ಹೊಳೆಯುತ್ತಿರುತ್ತವೆ. ನೋಡದೆ ಬಾಯಿಗೆ ಹಾಕಿಕೊಂಡರೆ ಹಲ್ಲಿಗೆ ಕಲ್ಲು ಸಿಕ್ಕಂತೆ. ದೊಡ್ಡವ್ವ ಇವನ್ನು ಕಲ್ಲುಕಾಳು ಎನ್ನುತ್ತಾಳೆ. ಪಲ್ಯ ಮಾಡುವ ಮುಂಚೆ ಬೆರಳಿನಿಂದ ಕೆದರಿ ಆರಿಸಿ ಎಸೆಯುತ್ತಾಳೆ. ಕೆಟ್ಟ ಕಾಳು, ಸತ್ತ ಕಾಳು ಎಂದೇ ನಾನೂ ತಿಳಿದಿದ್ದೆ. ಆಮೇಲೆ ತಿಳಿದದ್ದು ಬೇರೆ. ಅವು ಸತ್ತ ಕಾಳಲ್ಲ, ಹಳೆಯ ಕಾಳು. ಹಳೆಯದೆಂದರೆ ಹೋದ ವರ್ಷದ್ದೆಂದಲ್ಲ. ಆ ಗುಣ ನಾಲ್ಕು ಸಾವಿರ ವರ್ಷಕ್ಕಿಂತ ಹಳೆಯದು.

ಕೃಷ್ಣೆ ಮತ್ತು ಭೀಮೆಯ ನಡುವಿನ ನಮ್ಮ ಈ ನೆಲಕ್ಕೆ ಪುರಾತತ್ವದವರು ಸುರಪುರ ದೋಆಬ್ ಎಂದು ಹೆಸರಿಟ್ಟಿದ್ದಾರೆ. ಸುರಪುರ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ನಾಯಕ ಅರಸರು, 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಜೀವ ಕಳೆದುಕೊಂಡ ರಾಜಾ ವೆಂಕಟಪ್ಪ ನಾಯಕ, ಮತ್ತು ಅವನ ಬಾಲ್ಯದಲ್ಲಿ ಸಂಸ್ಥಾನದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್. ಟೇಲರ್ ಕಾದಂಬರಿಕಾರನೆಂದು ಗೊತ್ತು. ಗುಡ್ಡದ ಮೇಲಿನ ಅವನ ಬಂಗಲೆ, ಟೇಲರ್ ಮಂಜಿಲ್, ಈಗಲೂ ಇದೆ. ಆದರೆ ಅವನಿಗೆ ಕಲ್ಲುಗಳ ಹುಚ್ಚೂ ಇತ್ತು. ಕಚೇರಿ ಕೆಲಸದ ನಡುವೆ ಕುದುರೆಯೇರಿ ಹೋಗಿ ಈ ಭಾಗದ ಕಲ್ಗೋರಿಗಳನ್ನು, ನಿಲ್ಲಿಸಿದ ಬಂಡೆಗಳನ್ನು ಅಳೆದು, ಬರೆದು, ಐರ್ಲೆಂಡಿನ ವಿದ್ವತ್ ಸಭೆಯ ಸಂಪುಟಗಳಲ್ಲಿ ಪ್ರಕಟಿಸಿದ. ಶಹಾಪುರದ ಹತ್ತಿರದ ವಿಭೂತಿಹಳ್ಳಿಯಲ್ಲಿ ಸಾಲು ಸಾಲಾಗಿ ಬಂಡೆಗಳನ್ನು ಇಟ್ಟಿರುವ ಜಾಗವಿದೆ, ಅದೂ ಅವನ ಕಣ್ಣಿಗೆ ಬಿದ್ದಿತ್ತು. ಇವೆಲ್ಲ ಕಬ್ಬಿಣ ಬಳಕೆಗೆ ಬಂದ ಮೇಲಿನ ಕಾಲದವು. ನನ್ನ ಹೆಸರುಕಾಳಿನ ಕಥೆ ಇನ್ನೂ ಹಿಂದಿನದು.

ಆ ಕಥೆ ಇರುವುದು ಬೂದಿಯಲ್ಲಿ. ಸುರಪುರ, ಲಿಂಗಸುಗೂರು, ಬಳ್ಳಾರಿ ಸೀಮೆಯಲ್ಲಿ ಅಲ್ಲಲ್ಲಿ ಬೂದುಬಣ್ಣದ ದಿಬ್ಬಗಳಿವೆ. ಹಂಪಿಯ ಹತ್ತಿರದ ನಿಂಬಾಪುರದಲ್ಲಿ ಅಂಥ ದಿಬ್ಬವನ್ನು ವಾಲಿಯ ಚಿತೆಯ ಬೂದಿ ಎಂದು ಹೇಳುತ್ತಾರೆ. ಬೇರೆ ಕಡೆ ರಾಕ್ಷಸರ ಎಲುಬು ಸುಟ್ಟ ಬೂದಿ ಎನ್ನುತ್ತಾರೆ. ಹೊಲಕ್ಕೆ ಒಳ್ಳೆಯದೆಂದು ಗಾಡಿಗಟ್ಟಲೆ ಹೇರಿಕೊಂಡು ಹೋಗಿ ಎಷ್ಟೋ ದಿಬ್ಬಗಳು ಕರಗಿವೆ. ಅದು ದನದ ಸಗಣಿ ಸುಟ್ಟ ಬೂದಿ ಎಂದು ಖಚಿತವಾದದ್ದು ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ. ನವಶಿಲಾಯುಗದ ದನಗಾಹಿಗಳು ದೊಡ್ಡಿಗಳಲ್ಲಿ ಬಿದ್ದ ಸಗಣಿಯನ್ನು ರಾಶಿ ಹಾಕಿ, ಆಗಾಗ ಸುಟ್ಟು, ಮತ್ತೆ ಅದೇ ಜಾಗದಲ್ಲಿ ರಾಶಿ ಹಾಕಿ, ತಲೆಮಾರುಗಟ್ಟಲೆ ಹೀಗೇ ಮಾಡಿದ್ದರಿಂದ ದಿಬ್ಬ ಎದ್ದಿತು. ಬ್ರಿಟಿಷ್ ಪುರಾತತ್ವಜ್ಞ ಆಲ್ಚಿನ್ ಉತ್ನೂರಿನಲ್ಲಿ ಅಗೆದು, ದಿಬ್ಬದ ಸುತ್ತ ಇದ್ದ ಬೇಲಿಯ ಗುರುತುಗಳನ್ನೂ ದನದ ಗೊರಸಿನ ಅಚ್ಚುಗಳನ್ನೂ ತೋರಿಸಿದರು.

ನಮ್ಮ ಭಾಗದಲ್ಲಿ ಈ ಕೆಲಸಕ್ಕೆ ಜೀವ ತೇಯ್ದವರು ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ. 1965–66ರಲ್ಲಿ, ಇನ್ನೂ ಸಂಶೋಧನಾ ವಿದ್ಯಾರ್ಥಿಯಾಗಿದ್ದಾಗ, ಕೊಡೇಕಲ್ಲಿನ ಬೂದಿದಿಬ್ಬ ಅಗೆದರು. ಆಮೇಲೆ ದಶಕಗಟ್ಟಲೆ ಹುಣಸಗಿ, ಬೈಚಬಾಳದ ಕಣಿವೆಗಳಲ್ಲಿ ನಡೆದಾಡಿ ಹಳೆ ಶಿಲಾಯುಗದ ನೆಲೆಗಳನ್ನು ಗುರುತಿಸಿದರು. 1989ರ ನಂತರ ಹಲವು ವರ್ಷ ಬೂದಿಹಾಳದಲ್ಲಿ ಅಗೆದರು. ಊರ ಹೆಸರಿನಲ್ಲೇ ಬೂದಿ ಇದೆ, ಜನ ಮರೆತಿರಲಿಲ್ಲ. ಅಲ್ಲಿ ಸಿಕ್ಕದ್ದು ಬರೀ ಬೂದಿಯಲ್ಲ: ದನದ ದೊಡ್ಡಿ, ಪಕ್ಕದಲ್ಲೇ ಮನೆಗಳ ನೆಲ, ಮಡಕೆಯಲ್ಲಿಟ್ಟು ಹೂಳಿದ ಮಕ್ಕಳ ಎಲುಬು, ದನ ಕಡಿದು ಪಾಲು ಮಾಡುತ್ತಿದ್ದ ಗಟ್ಟಿ ನೆಲ, ಅದರ ಮೇಲೆ ಹರಡಿದ್ದ ಕಲ್ಲಿನ ಅಲಗುಗಳು. ಕಾಲ ಕ್ರಿ.ಪೂ. 2300ರಿಂದ 1700ರ ಆಸುಪಾಸು. ಸಿಂಧೂ ಬಯಲಿನಲ್ಲಿ ಇಟ್ಟಿಗೆಯ ನಗರಗಳು ಇದ್ದ ಹೊತ್ತಿಗೆ ನಮ್ಮ ಎರೆಹೊಲಗಳ ಅಂಚಿನಲ್ಲಿ ಇವರು ದನ ಕಾಯುತ್ತಿದ್ದರು.

ದನದ ಜೊತೆಗೆ ಇವರು ಏನು ತಿನ್ನುತ್ತಿದ್ದರು? ಇದಕ್ಕೆ ಉತ್ತರ ಸಿಕ್ಕಿದ ರೀತಿ ನನಗೆ ಬಹಳ ಇಷ್ಟ, ಯಾಕೆಂದರೆ ಅದೂ ಒಂದು ನೆನೆಹಾಕುವ ಕೆಲಸವೇ. ಅಗೆದ ಮಣ್ಣನ್ನು ಬಕೆಟ್ಟಿನ ನೀರಿಗೆ ಸುರಿದು ಕದಡುತ್ತಾರೆ. ಮಣ್ಣು ತಳಕ್ಕೆ ಇಳಿಯುತ್ತದೆ. ಸುಟ್ಟು ಇದ್ದಿಲಾದ ಕಾಳುಗಳು ಹಗುರವಾದ್ದರಿಂದ ತೇಲುತ್ತವೆ. ಸಣ್ಣ ಜರಡಿಯಲ್ಲಿ ಸೋಸಿ, ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುತ್ತಾರೆ. ಒಲೆಯಲ್ಲಿ ಆಕಸ್ಮಿಕವಾಗಿ ಸೀದುಹೋದ ಕಾಳೇ ಉಳಿಯುವುದು. ಚೆನ್ನಾಗಿ ಬೆಂದದ್ದು ಹೊಟ್ಟೆಗೆ ಹೋಯಿತು, ಇತಿಹಾಸಕ್ಕೆ ಸಿಗಲಿಲ್ಲ. ಲಂಡನ್ನಿನ ಡೋರಿಯನ್ ಫುಲ್ಲರ್, ನಮ್ಮವರೇ ಆದ ರವಿ ಕೋರಿಶೆಟ್ಟರ್ ಮತ್ತು ಸಂಗಡಿಗರು ಬಳ್ಳಾರಿ ಪಕ್ಕದ ಸಂಗನಕಲ್ಲು, ತೆಕ್ಕಲಕೋಟೆ, ಹಾವೇರಿ ಕಡೆಯ ಹಳ್ಳೂರು ಮೊದಲಾದ ನೆಲೆಗಳ ಮಣ್ಣನ್ನು ಹೀಗೆ ತೇಲಿಸಿ ನೋಡಿದರು. ಮತ್ತೆ ಮತ್ತೆ ಎದ್ದು ಬಂದವು ನಾಲ್ಕು ಧಾನ್ಯಗಳು: ಹೆಸರು, ಹುರುಳಿ, ಕೊರಲೆ, ಮತ್ತೆ ನವಣೆಯ ದಾಯಾದಿಯಾದ ಒಂದು ಹುಲ್ಲಿನ ಕಾಳು. ದಕ್ಷಿಣದ ಈ ಒಣನೆಲದ ಮಂದಿ ಬೇರೆಲ್ಲಿಂದಲೋ ಬೇಸಾಯ ಕಲಿತು ತಂದವರಲ್ಲ, ಇಲ್ಲಿಯ ಕಾಡುಗಿಡಗಳನ್ನೇ ಪಳಗಿಸಿದವರು ಎಂಬ ಮಾತಿಗೆ 2004ರ ಹೊತ್ತಿಗೆ ಹೀಗೆ ಗಟ್ಟಿ ಆಧಾರ ಸಿಕ್ಕಿತು.

ನಮ್ಮ ಊಟದ ತಟ್ಟೆಯನ್ನು ಈ ಕಣ್ಣಿನಿಂದ ನೋಡಿದರೆ ತಮಾಷೆಯಾಗಿದೆ. ಜೋಳ ಆಫ್ರಿಕಾದಿಂದ ಬಂದದ್ದು, ಬೂದಿದಿಬ್ಬಗಳ ಮೊದಲ ಮಂದಿಗೆ ಜೋಳದ ರೊಟ್ಟಿ ಗೊತ್ತಿರಲಿಲ್ಲ. ಕಲಬುರಗಿಯ ಹೆಮ್ಮೆಯ ತೊಗರಿ ಪೂರ್ವ ಭಾರತದ ಕಡೆಯಿಂದ ಆಮೇಲೆ ಇಳಿದು ಬಂತು. ಮೆಣಸಿನಕಾಯಿ, ಶೇಂಗಾ ಅಮೆರಿಕದವು, ಹಡಗು ಹತ್ತಿ ಬಂದು ಐದು ನೂರು ವರ್ಷ ಆಗಿದ್ದರೆ ಹೆಚ್ಚು. ತಟ್ಟೆಯ ಮೂಲೆಯಲ್ಲಿ ಕೂತ ಹೆಸರಕಾಳ ಪಲ್ಯವೊಂದೇ ಈ ಮಣ್ಣಿನದು.

ಮಾತಿನಲ್ಲೂ ಅದರ ಗುರುತಿದೆ. ನಮ್ಮ ಹೆಸರು ಹಳಗನ್ನಡದಲ್ಲಿ ಪೆಸರು. ಗುರುಮಠಕಲ್ ದಾಟಿ ತೆಲಂಗಾಣಕ್ಕೆ ಕಾಲಿಟ್ಟರೆ ಪೆಸಲು, ತಮಿಳಿನಲ್ಲಿ ಪಯರು. ಮೊಳಕೆಗೆ ತೆಲುಗಿನಲ್ಲಿ ಮೊಲಕ, ತಮಿಳಿನಲ್ಲಿ ಮುಳೈ. ಈ ಭಾಷೆಗಳು ಒಂದರಿಂದ ಒಂದು ಬೇರೆಯಾಗುವ ಮುಂಚೆಯೇ ಆ ಕಾಳಿಗೂ ಅದು ಬಾಯಿ ಬಿಡುವ ಕ್ರಿಯೆಗೂ ಪದವಿತ್ತು ಎಂದಾಯಿತು. ಕಾಳಿನ ಹೆಸರೂ ಕರೆಯುವ ಹೆಸರೂ ಕನ್ನಡದಲ್ಲಿ ಒಂದೇ ಉಚ್ಚಾರಕ್ಕೆ ಬಂದು ನಿಂತದ್ದು ಮಾತ್ರ ಆಕಸ್ಮಿಕ. ಶಾಲೆಯಲ್ಲಿ ನಮಗೆ ಅದರ ಮೇಲೆ ಬೇಕಾದಷ್ಟು ಜೋಕುಗಳಿದ್ದವು.

ಈಗ ಕಲ್ಲುಕಾಳಿಗೆ ಬರುತ್ತೇನೆ. ಕಾಡುಹೆಸರು ಸಣ್ಣ ಬಳ್ಳಿ, ಸಣ್ಣ ಕಾಳು. ಕಾಯಿ ಒಣಗಿದ ಕೂಡಲೇ ತಿರುಚಿಕೊಂಡು ಸಿಡಿದು ಕಾಳನ್ನು ದೂರ ಎಸೆಯುತ್ತದೆ. ಆ ಕಾಳಿನ ಸಿಪ್ಪೆ ದಪ್ಪ, ನೀರು ಒಳಗೆ ಬಿಡದು. ನೂರು ಕಾಳು ಬಿದ್ದರೆ ಈ ಮಳೆಗೆ ಕೆಲವು, ಮುಂದಿನ ವರ್ಷದ ಮಳೆಗೆ ಕೆಲವು, ಅದರ ಮುಂದಿನ ವರ್ಷ ಇನ್ನು ಕೆಲವು ಏಳುತ್ತವೆ. ಮುಂಗಾರು ಕೈಕೊಡುವ ಈ ಸೀಮೆಯಲ್ಲಿ ಅದು ಜಾಣ ಲೆಕ್ಕ. ಒಂದು ವರ್ಷ ಮೃಗಶಿರಾ ಹನಿಸಿ ಆಮೇಲೆ ಒಣಗಿಸಿಬಿಟ್ಟರೆ ಎದ್ದ ಸಸಿಗಳೆಲ್ಲ ಸಾಯುತ್ತವೆ. ಮಣ್ಣೊಳಗೆ ಮಲಗಿದ್ದವು ವಂಶ ಉಳಿಸುತ್ತವೆ.

ಮನುಷ್ಯ ಬಿತ್ತಿ ಬೆಳೆಯತೊಡಗಿದ ಮೇಲೆ ಈ ಲೆಕ್ಕ ತಲೆಕೆಳಗಾಯಿತು. ಬಿತ್ತಿದವನು ಕೊಯ್ಯುವುದು ಈ ವರ್ಷ ಎದ್ದ ಗಿಡವನ್ನು ಮಾತ್ರ. ಮಲಗಿಯೇ ಇದ್ದ ಕಾಳು ಅವನ ಗುಡಾಣಕ್ಕೆ ಮರಳಿ ಬರಲಿಲ್ಲ, ಆದ್ದರಿಂದ ಮರುವರ್ಷದ ಬಿತ್ತನೆಯಲ್ಲೂ ಇರಲಿಲ್ಲ. ನೀರು ಸೋಕಿದ ಕೂಡಲೇ ಏಳುವ, ತೆಳು ಸಿಪ್ಪೆಯ ಕಾಳೇ ಪ್ರತಿ ವರ್ಷ ಗುಡಾಣ ಸೇರಿತು. ಯಾರೂ ಕೂತು ಆರಿಸಿದ್ದಲ್ಲ. ಬಿತ್ತು, ಕೊಯ್ಯಿ, ಕಾದಿಡು ಎಂಬ ಸುತ್ತೇ ಆರಿಸಿತು. ಇದು ನಡೆದದ್ದಕ್ಕೆ ಸಾಕ್ಷಿ ಸಿಕ್ಕಿದ್ದು ಹುರುಳಿಯಲ್ಲಿ. 2017ರಲ್ಲಿ ಶಾರ್ಲೀನ್ ಮರ್ಫಿ ಮತ್ತು ಫುಲ್ಲರ್ ಭಾರತದ ಬೇರೆ ಬೇರೆ ಕಾಲದ ನೆಲೆಗಳ ಸುಟ್ಟ ಹುರುಳಿಕಾಳುಗಳನ್ನು ಆಕ್ಸ್‌ಫರ್ಡ್ ಹತ್ತಿರದ ಸಿಂಕ್ರೊಟ್ರಾನ್ ಯಂತ್ರದ ಪ್ರಬಲ ಎಕ್ಸ್‌ರೇಗೆ ಒಡ್ಡಿ, ಒಡೆಯದೆಯೇ ಅವುಗಳ ಸಿಪ್ಪೆಯ ದಪ್ಪ ಅಳೆದರು. ಕ್ರಿ.ಪೂ. ಎರಡನೆಯ ಸಹಸ್ರಮಾನದ ಕಾಳುಗಳಿಂದ ಹಿಡಿದು ಈಚೆಗೆ ಬರುತ್ತಾ ಸಿಪ್ಪೆ ತೆಳುವಾಗುತ್ತದೆ. ಕ್ರಿಸ್ತಶಕದ ಮೊದಲ ಶತಮಾನಗಳ ಹೊತ್ತಿಗೆ ತೆಳು ಸಿಪ್ಪೆಯೇ ನಿಂತುಬಿಡುತ್ತದೆ. ಕೂದಲೆಳೆಗಿಂತಲೂ ತೆಳುವಾದ ಆ ಪದರದಲ್ಲಿ ಎರಡು ಸಾವಿರ ವರ್ಷದ ಬಿತ್ತನೆ ಕೊಯ್ಲು ಬರೆದಿಟ್ಟಂತೆ ಇತ್ತು.

‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಎಂದು ಗಾದೆ ಹೇಳುವವರಿಗೆ, ಎಲ್ಲ ಕಾಳೂ ಒಂದೇ ರಾತ್ರಿಯಲ್ಲಿ ಮೊಳೆಯುತ್ತವೆ ಎಂಬ ಭರವಸೆ ಆಗಲೇ ಇತ್ತಲ್ಲ, ಅದು ಸುಮ್ಮನೆ ಬಂದದ್ದಲ್ಲ. ಮೊದಲು ಮೊಳಕೆ ತಿಂದವರು ಯಾರೋ ನೆನೆಹಾಕಿ ಮರೆತವರೇ ಇರಬೇಕೆಂದು ನನ್ನ ಊಹೆ. ಗಟ್ಟಿ ಸಿಪ್ಪೆಯ ಕಾಳನ್ನು ನೆನೆಸದೆ ಬೇಯಿಸಿದರೆ ಸೌದೆ ಸಾಲದು. ನೆನೆಸಿದ್ದನ್ನು ಒಂದು ದಿನ ದನದ ಹಿಂದೆ ಹೋಗಿ ಮರೆತರೆ ಮನೆಗೆ ಬರುವ ಹೊತ್ತಿಗೆ ಬಾಲ ಬಂದಿರುತ್ತದೆ. ಹಸಿದವರು ಅದನ್ನು ಎಸೆದಿರಲಾರರು.

ದೊಡ್ಡವ್ವನ ಅರಿವೆ ಗಂಟಿನ ವಿಷಯದಲ್ಲಿ ನಾನು ಸೋತೆನೆಂದು ಇಲ್ಲಿ ಒಪ್ಪಿಕೊಳ್ಳಬೇಕು. ಮೊದಲ ವರ್ಷ ಏಪ್ರಿಲ್ಲಿನಲ್ಲಿ ಬಾಟಲಿ ಕೈಕೊಟ್ಟಿತು. ಬೆಳಿಗ್ಗೆ ಬಸಿದಿಟ್ಟದ್ದು ಸಂಜೆಗೆ ಲೋಳೆಯಾಗಿ ಹುಳಿ ವಾಸನೆ ಹೊಡೆಯುತ್ತಿತ್ತು. ಯಾದಗಿರಿಯ ಬೇಸಿಗೆ ನಲವತ್ತು ಡಿಗ್ರಿ ದಾಟುವುದು ಹೊಸದಲ್ಲ. ಅದರ ಮೇಲೆ ಮೊಳೆಯುವ ಕಾಳು ತಾನೂ ಉಸಿರಾಡಿ ಬಿಸಿ ಬಿಡುತ್ತದೆ. ಗಾಜು ಆ ಬಿಸಿಯನ್ನು ಹೊರಗೆ ಬಿಡದು. ಅರಿವೆಯ ಗಂಟು ಹಾಗಲ್ಲ. ನಮ್ಮ ಒಣಗಾಳಿಗೆ ಒದ್ದೆ ಅರಿವೆಯ ನೀರು ಆರುತ್ತಾ ಒಳಗನ್ನು ತಂಪಿಡುತ್ತದೆ, ಮಣ್ಣಿನ ಹರವಿ ನೀರನ್ನು ತಂಪಿಡುವ ಹಾಗೆ. ದೊಡ್ಡವ್ವ ಗಂಟನ್ನು ಇಡುವುದೂ ಹರವಿಯ ಬುಡದಲ್ಲೇ. “ಬ್ಯಾಸಗ್ಯಾಗ ಗಾಜು ಬ್ಯಾಡ ತಮ್ಮಾ, ಕಾಳು ಬೆಂದು ಹೋಗ್ತಾವ” ಎಂದು ಅವಳು ಹೇಳಿದ್ದು ಅಕ್ಷರಶಃ ಸರಿ. ಈಗ ಮಾರ್ಚಿನಿಂದ ಮಳೆ ಬೀಳುವವರೆಗೆ ನಾನೂ ಗಂಟು ಕಟ್ಟುತ್ತೇನೆ, ಬಾಟಲಿ ಮಳೆಗಾಲ ಚಳಿಗಾಲಕ್ಕೆ.

ಇನ್ನೊಂದು ವಿಷಯದಲ್ಲೂ ಹಳಬರು ಜಾಣರು. ಮೊಳಕೆಯನ್ನು ಹಸಿಯಾಗಿ ತಿನ್ನುವುದು ನಮ್ಮ ಕಡೆ ಕಡಿಮೆ. ಒಗ್ಗರಣೆ ಹಾಕಿ ಉಸುಳಿ ಮಾಡುತ್ತಾರೆ. ಕಾಳಿಗೆ ಹಿತವಾದ ಬೆಚ್ಚಗಿನ ತೇವ ರೋಗಾಣುಗಳಿಗೂ ಹಿತ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯದ ಮೊಳಕೆಯ ಮೂಲಕ ಹರಡಿದ ಸೋಂಕಿಗೆ 50ಕ್ಕೂ ಹೆಚ್ಚು ಜನ ಸತ್ತರು. ಆ ಸುದ್ದಿ ಓದಿದ ಮೇಲೆ ನಾನು ಹಸಿ ಮೊಳಕೆಯ ಆರೋಗ್ಯ ಉಪದೇಶಗಳಿಗೆ ಕಿವಿಗೊಡುವುದು ಬಿಟ್ಟೆ. ಪಂಚಮಿಗೆ ಮಡಕಿಕಾಳಿನ ಉಸುಳಿ ಇಲ್ಲದ ಮನೆ ನಮ್ಮಲ್ಲಿಲ್ಲ. ಅದರ ಮುಂದೆ ಯಾವ ಸಲಾಡೂ ನಿಲ್ಲದು.

ಮೊಳಕೆಗೆ ವಿಜ್ಞಾನದ ಮರ್ಯಾದೆ ಬಂದದ್ದು ಯುದ್ಧದಿಂದ. ಒಣಕಾಳಿನಲ್ಲಿ ಇಲ್ಲವೆನ್ನುವಷ್ಟು ಕಡಿಮೆ ಇರುವ ಸಿ ಜೀವಸತ್ವ ಅದು ಮೊಳೆತ ಒಂದೆರಡು ದಿನದಲ್ಲಿ ಹುಟ್ಟುತ್ತದೆ. ಆ ಸತ್ವಕ್ಕೆ ಇನ್ನೂ ಹೆಸರಿಲ್ಲದ ಕಾಲದಲ್ಲೇ, 1912ರಲ್ಲಿ, ನಾರ್ವೆಯ ಫ್ಯೂರ್ಸ್ಟ್ ಎಂಬ ವಿಜ್ಞಾನಿ ಗಿನಿ ಇಲಿಗಳಿಗೆ ಮೊಳಕೆ ತಿನ್ನಿಸಿ, ವಸಡು ಕೊಳೆತು ರಕ್ತ ಸುರಿಯುವ ಸ್ಕರ್ವಿ ರೋಗ ತಡೆಯಬಹುದೆಂದು ತೋರಿಸಿದ್ದ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರ ಮೆಸೊಪೊಟೇಮಿಯಾಕ್ಕೆ ಹೋದ ಭಾರತದ ಸಿಪಾಯಿಗಳು ಕೂಟ್ ಪಟ್ಟಣದಲ್ಲಿ 1915ರ ಡಿಸೆಂಬರಿನಿಂದ 1916ರ ಏಪ್ರಿಲ್‌ವರೆಗೆ ತುರ್ಕರ ಮುತ್ತಿಗೆಯಲ್ಲಿ ಸಿಕ್ಕಿಬಿದ್ದರು. ಕಾಯಿಪಲ್ಯ ಇಲ್ಲ, ಹಣ್ಣಿಲ್ಲ, ಸ್ಕರ್ವಿ ಹಬ್ಬಿತು. ಲಂಡನ್ನಿನ ಲಿಸ್ಟರ್ ಸಂಸ್ಥೆಯಲ್ಲಿ ಹ್ಯಾರಿಯೆಟ್ ಚಿಕ್ ಮತ್ತು ಅವರ ಸಹೋದ್ಯೋಗಿ ಹೆಂಗಸರು ಈ ಸಮಸ್ಯೆಯನ್ನು ಕೈಗೆತ್ತಿಕೊಂಡರು. ಸಿಪಾಯಿಗಳ ಪಡಿಯಲ್ಲಿ ಒಣಕಾಳು ಹೇಗೂ ಇತ್ತು. ಅದನ್ನು ನೆನೆಸಿ, ಒದ್ದೆ ಗೋಣಿಯಲ್ಲಿಟ್ಟು, ಮೊಳಕೆ ಬಂದ ಮೇಲೆ ಸ್ವಲ್ಪವೇ ಬೇಯಿಸಿ ತಿನ್ನಿಸಿ ಎಂಬುದು ಅವರ ಸಲಹೆಯಾಗಿತ್ತು. 1919ರಲ್ಲಿ ಚಿಕ್ ಮತ್ತು ಡೆಲ್ಫ್ ಒಣಕಾಳು, ಮೊಳಕೆ ಎರಡನ್ನೂ ಹೋಲಿಸಿದ ಪ್ರಯೋಗಗಳನ್ನು ಪ್ರಕಟಿಸಿದರು. ಒಡೆದ ಬೇಳೆ ಮೊಳೆಯುವುದಿಲ್ಲ, ಇಡೀ ಕಾಳೇ ಬೇಕು ಎಂಬುದು ದೊಡ್ಡವ್ವನಂಥವರಿಗೆ ಹೇಳಬೇಕಾದ ಮಾತಲ್ಲ. ಸೈನ್ಯದ ಉಗ್ರಾಣದವರಿಗೆ ಹೇಳಬೇಕಾಗಿತ್ತು.

ಇದಕ್ಕೂ ನೂರೈವತ್ತು ವರ್ಷ ಮೊದಲು ಕ್ಯಾಪ್ಟನ್ ಕುಕ್ ಇದೇ ರೋಗಕ್ಕೆಂದು ಹಡಗಿನಲ್ಲಿ ಮಾಲ್ಟ್ ಹೇರಿಕೊಂಡು ಹೋಗಿದ್ದ. ಮಾಲ್ಟ್ ಎಂದರೆ ಮೊಳಕೆ ಬರಿಸಿದ ಬಾರ್ಲಿ. ಆದರೆ ಅದನ್ನು ಒಣಗಿಸಿ ಹುರಿದಿರುತ್ತಾರೆ; ಮೊಳಕೆಯಲ್ಲಿ ಹುಟ್ಟಿದ ಸತ್ವ ಅಲ್ಲೇ ಸುಟ್ಟುಹೋಗಿರುತ್ತದೆ. ಮೊಳಕೆಯ ಗುಣ ಮೊಳಕೆ ಹಸಿಯಾಗಿ, ಜೀವಂತವಾಗಿ ಇರುವ ಆ ಒಂದೆರಡು ದಿನದ್ದು ಮಾತ್ರ.

ಭಾರತದಲ್ಲಿ ಈ ಅರಿವನ್ನು ಹಿಡಿದುಕೊಂಡದ್ದು ನೀಲಗಿರಿಯ ಕೂನೂರಿನಲ್ಲಿದ್ದ ಪೌಷ್ಟಿಕತೆಯ ಪ್ರಯೋಗಾಲಯ. ಅದರ ನಿರ್ದೇಶಕ ಆಯ್ಕ್ರಾಯ್ಡ್ ಬರೆದ ಪುಟ್ಟ ಆಹಾರ ಕೈಪಿಡಿ, ಹಣ್ಣು ಕೊಳ್ಳಲಾಗದವರು ಮೊಳಕೆ ತಿನ್ನಲಿ ಎಂದು ವಿಧಾನ ಸಮೇತ ಹೇಳಿತ್ತು. ಬರದ ದಿನಗಳಿಗೆ ಇದು ಒದಗುವ ಮಾತು: ಹಸಿರೆಲ್ಲ ಒಣಗಿದ ಮೇಲೂ ಮನೆಯಲ್ಲಿ ಒಂದು ಹಿಡಿ ಕಾಳು, ಒಂದು ತಂಬಿಗೆ ನೀರು ಇದ್ದರೆ ಸಾಕು. ಆ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಬಂತು, ಇವತ್ತಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆ ಅದೇ. ಅಷ್ಟರಲ್ಲಿ ನಾವು ಹೈದರಾಬಾದಿನಿಂದ ಬೇರೆಯಾಗಿ ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷವಾಗಿತ್ತು.

ತಿನ್ನದ ಮೊಳಕೆಗಳೂ ನಮ್ಮಲ್ಲಿವೆ. ನವರಾತ್ರಿಯಲ್ಲಿ ಘಟದ ಸುತ್ತ ಕರಿಮಣ್ಣು ಹರವಿ ಕಾಳು ಹಾಕುತ್ತಾರೆ. ಲಂಬಾಣಿ ತಾಂಡಾಗಳಲ್ಲಿ ಶ್ರಾವಣದ ತೀಜ್ ಬಂದಾಗ ಮದುವೆಯಾಗದ ಹುಡುಗಿಯರು ಪುಟ್ಟ ಬುಟ್ಟಿಗಳಲ್ಲಿ ಮಣ್ಣು ಗೊಬ್ಬರ ತುಂಬಿ ಗೋಧಿ ಬಿತ್ತಿ, ಒಂಬತ್ತು ದಿನ ನೀರೆರೆದು, ಸುತ್ತ ಹಾಡಿ ಕುಣಿದು, ಕೊನೆಗೆ ಸಸಿಯ ತುದಿ ಕಿತ್ತು ಅಣ್ಣತಮ್ಮಂದಿರಿಗೆ ಹಂಚಿ, ಬುಟ್ಟಿಯನ್ನು ನೀರಿಗೆ ಬಿಡುತ್ತಾರೆ. ಹಿಂಗಾರಿಗೆ ಮುಂಚೆ ಬೀಜ ಪರೀಕ್ಷೆ ಮಾಡುವ ಉಪಾಯವೇ ಹಬ್ಬವಾಯಿತು ಎಂದು ವಿವರಿಸುವವರಿದ್ದಾರೆ. ಇರಬಹುದು. ಆದರೆ ತಾಂಡಾದಲ್ಲಿ ರಾತ್ರಿ ಆ ಹಾಡು ಕೇಳಿದವರಿಗೆ ಬೀಜದ ಪರೀಕ್ಷೆ ನೆನಪಾಗುವುದಿಲ್ಲ.

ಇಲ್ಲಿಯವರೆಗೆ ತೆಳು ಸಿಪ್ಪೆಯ ಒಳ್ಳೆಯ ಮುಖ ಹೇಳಿದೆ. ಅದಕ್ಕೆ ಇನ್ನೊಂದು ಮುಖ ಇದೆ, ಅದನ್ನು ನಾನು ಕಂಡದ್ದು ದೊಡ್ಡವ್ವನ ಹೊಲದ ಬದುವಿನಲ್ಲಿ ನಿಂತು.

ನಾರಾಯಣಪುರದಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿದ ಬಸವಸಾಗರ 1982ರಲ್ಲಿ ಮುಗಿಯಿತು. ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಹೊಲಗಳಿಗೆ ಬಂತು. ಕಡಿಮೆ ನೀರಿನ ಬೆಳೆಗೆಂದು ಯೋಜಿಸಿದ ಕಾಲುವೆ ಅದು, ಬೆಳೆದದ್ದು ಭತ್ತ. ನೀರು ಮುಟ್ಟಿದ ಕಡೆ ಭತ್ತ, ಹತ್ತಿ, ಮೆಣಸಿನಕಾಯಿ ಹಬ್ಬಿದವು. ಹೆಸರು ಕಾಲುವೆ ಮುಟ್ಟದ ಕಡೆ ಉಳಿಯಿತು. ದೊಡ್ಡವ್ವನ ನಾಲ್ಕು ಎಕರೆ ಅಂಥದ್ದು. ಮೃಗಶಿರಾ ಮಳೆಗೆ ಬಿತ್ತಿದರೆ ಎಪ್ಪತ್ತು ದಿನಕ್ಕೆ ಕೈಗೆ ಬರುವ ಬೆಳೆ. ಶ್ರಾವಣದ ಹಬ್ಬಗಳ ಕೈಸಾಲ ತೀರಿಸಿ, ಅದೇ ನೆಲದಲ್ಲಿ ಹಿಂಗಾರಿ ಜೋಳ ಬಿತ್ತಬಹುದು. ಒಣಬೇಸಾಯದವರಿಗೆ ವರ್ಷದ ಮೊದಲ ರೊಕ್ಕ ಹೆಸರಿನದೇ.

ಎರಡು ವರ್ಷದ ಹಿಂದೆ ಕಾಯಿ ಕರ್ರಗಾಗಿ ಇನ್ನೇನು ಬಿಡಿಸಬೇಕು ಅನ್ನುವಾಗ ಮಘಾ ಮಳೆ ಹಿಡಿಯಿತು. ಆರು ದಿನ ಬಿಡಲಿಲ್ಲ. ಏಳನೆಯ ದಿನ ನಾನು ಹೋದಾಗ ಹೊಲ ದೂರಕ್ಕೆ ಚೆನ್ನಾಗಿಯೇ ಕಾಣುತ್ತಿತ್ತು. ದೊಡ್ಡಪ್ಪ ಒಂದು ಕಾಯಿ ಕಿತ್ತು ನನ್ನ ಅಂಗೈಯಲ್ಲಿಟ್ಟರು. ಸೀಳಿದೆ. ಒಳಗೆ ಹತ್ತು ಕಾಳು, ಹತ್ತಕ್ಕೂ ಬಿಳಿ ಬಾಲ. ಕಿಟಕಿಯ ಬಾಟಲಿಯಲ್ಲಿ ನಾನು ಖುಷಿಯಿಂದ ನೋಡುತ್ತಿದ್ದ ಅದೇ ಬಾಲ. ಕೆಲವು ಕಾಯಿಗಳಲ್ಲಿ ಅದು ಸಿಪ್ಪೆ ತೂತು ಮಾಡಿ ಹೊರಗೂ ಇಣುಕಿತ್ತು. “ನಿಂತಲ್ಲೇ ಹುಟ್ಯಾವ ನೋಡು” ಎಂದರು ದೊಡ್ಡಪ್ಪ. ಬೇರೆ ಏನೂ ಅನ್ನಲಿಲ್ಲ.

ಕಾಡುಹೆಸರಿಗೆ ಹೀಗಾಗುತ್ತಿರಲಿಲ್ಲ. ಅದರ ಕಾಳು ಆರು ದಿನದ ಮಳೆಗೆ ಕಣ್ಣು ತೆರೆಯುವಂಥದ್ದಲ್ಲ. ನೀರು ಸೋಕಿದ ಕೂಡಲೇ ಏಳು ಎಂದು ಅದಕ್ಕೆ ಕಲಿಸಿದವರು ನಾವು, ಬೂದಿಹಾಳದ ಕಾಲದಿಂದ. ಕೊಯ್ಲಿನ ಮಳೆ ಯಾವುದು, ಬಿತ್ತನೆಯ ಮಳೆ ಯಾವುದು ಎಂದು ಕಾಳಿಗೆ ಹೇಗೆ ಗೊತ್ತಾಗಬೇಕು? ಈಗ ತಳಿ ವಿಜ್ಞಾನಿಗಳು ಕಳೆದುಹೋದ ಆ ನಿದ್ದೆಯನ್ನು ಸ್ವಲ್ಪ ಮರಳಿ ತರಲು ನೋಡುತ್ತಿದ್ದಾರೆ. ಪೂರ್ತಿ ಬೇಡ; ಕಾಯಿ ಮಾಗಿದ ಮೇಲೆ ಹತ್ತು ಹದಿನೈದು ದಿನ ಮಲಗಿದ್ದರೆ ಸಾಕು, ಮಳೆ ನಿಂತು ರಾಶಿ ಮಾಡುವಷ್ಟು ವೇಳೆ. ಅದಕ್ಕಾಗಿ ಗಟ್ಟಿ ಸಿಪ್ಪೆಯ ತಳಿಗಳನ್ನು, ಕಾಡುಹೆಸರನ್ನು ಹುಡುಕುತ್ತಾರೆ. ದೊಡ್ಡವ್ವ ಆರಿಸಿ ಎಸೆಯುವ ಕಲ್ಲುಕಾಳಿನ ಗುಣ ಅವರಿಗೆ ಬೇಕಾಗಿದೆ.

ಆ ವರ್ಷ ಮಳೆ ಹೊಳವಾದ ಮೇಲೆ ತಾಡಪತ್ರಿಯ ಮೇಲೆ ಹರವಿ ಒಣಗಿಸಿ, ರಾಶಿ ಮಾಡಿ, ಆರು ಚೀಲ ತುಂಬಿದರು. ಒಣಗಿದ ಬಾಲಗಳು ಉದುರಿ ಹೋಗಿದ್ದವು, ಕಾಳು ಮುರುಟಿ ಕಂದುಬಣ್ಣಕ್ಕೆ ತಿರುಗಿತ್ತು. ಅಡತಿ ಅಂಗಡಿಯವನು ಒಂದು ಹಿಡಿ ತೆಗೆದು ಅಂಗೈಯಲ್ಲಿ ಉರುಳಿಸಿ, “ಮೊಳಕಿ ಮಾಲು ಅದರೀ, ನಡಿಯಂಗಿಲ್ಲ” ಎಂದು ಚೀಲಕ್ಕೇ ಹಾಕಿದ. ಬೆಂಬಲ ಬೆಲೆಯ ಖರೀದಿಗೆ ಒಯ್ದರೆ ಅಲ್ಲೂ ಗುಣಮಟ್ಟದ ಮಾತು. ಕೊನೆಗೆ ದನದ ಮೇವಿಗೆ ಕೊಳ್ಳುವವನೊಬ್ಬ ಅರ್ಧಕ್ಕಿಂತ ಕಡಿಮೆ ರೇಟಿಗೆ ಐದು ಚೀಲ ಒಯ್ದ. ಆರನೆಯದನ್ನು ದೊಡ್ಡಪ್ಪ ಸಿಟ್ಟಿನಿಂದ ಮನೆಗೇ ತಂದರು. ಆ ವರ್ಷದ ಪಂಚಮಿಯ ಕೈಸಾಲ ಜೋಳದ ರಾಶಿಯವರೆಗೆ ಉಳಿಯಿತು.

ಅದರಲ್ಲಿ ಎರಡು ಸೇರು ನನಗೂ ಕೊಟ್ಟಿದ್ದರು. ಶಹಾಪುರಕ್ಕೆ ತಂದು, ಒಂದು ಹಿಡಿ ಬಾಟಲಿಗೆ ಹಾಕಿ ನೀರು ಹಾಕಿದೆ. ಬೆಳಿಗ್ಗೆ ಬಸಿದೆ, ಸಂಜೆ ತೊಳೆದೆ, ಮಾರನೆಯ ದಿನವೂ ತೊಳೆದೆ. ಒಮ್ಮೆ ಎದ್ದು ಒಣಗಿದ ಕಾಳು ಮತ್ತೆ ಏಳಲಿಲ್ಲ. ನೀರು ಕಲಸಿ ವಾಸನೆ ಬಂತು. ಹಿತ್ತಲಿಗೆ ಚೆಲ್ಲುವಾಗ ತಳದಲ್ಲಿ ಮೂರು ಕಾಳು ಉಳಿದಿದ್ದವು, ಹಸಿರಾಗಿ, ಹೊಳೆಯುತ್ತ, ಕಲ್ಲಿನ ಹಾಗೆ. ಅವು ಆ ಆರು ದಿನದ ಮಳೆಯಲ್ಲೂ ಎದ್ದಿರಲಿಲ್ಲ, ನನ್ನ ಬಾಟಲಿಯಲ್ಲೂ ಏಳಲಿಲ್ಲ. ತೆಗೆದು ಒರೆಸಿ ಒಂದು ಚೀಟಿಯಲ್ಲಿ ಸುತ್ತಿಟ್ಟೆ. ದೊಡ್ಡವ್ವನಿಗೆ ತೋರಿಸಿದಾಗ ಅವಳು ಹಲ್ಲಿನಲ್ಲಿ ಒಂದನ್ನು ಕಚ್ಚಿ ನೋಡಿ, ಒಡೆಯದ್ದಕ್ಕೆ ನಕ್ಕು, “ಬೀಜಕ್ಕ ಇಡು” ಎಂದಳು.